ಸಸ್ಪೆಂಡ್ ಆದ ಲೈಸೆನ್ಸ್ ಮರಳಿ ಪಡೆಯಲು ಎಸ್‌ಆರ್-22: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆಯಾದ ಡಿಎಂವಿಯಿಂದ ಸಸ್ಪೆನ್ಷನ್ ಪತ್ರ ಕೈಗೆ ಬಂದವರಿಗಾಗಿ, ಅವರ ಮನೆಯವರಿಗಾಗಿ ಇದನ್ನು ಬರೆದಿದ್ದೇನೆ. ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾದ ನಿಯಮಗಳನ್ನು ವಿವರವಾಗಿ ಹೇಳಿದ್ದೇನೆ. ಟೆಕ್ಸಸ್, ಇಲಿನಾಯ್, ಫ್ಲಾರಿಡಾ, ನ್ಯೂಯಾರ್ಕ್ ಬೇಕಾದಲ್ಲಿ ಬರುತ್ತವೆ. ಮೊದಲೇ ಒಂದು ಮಾತು: ಎಸ್‌ಆರ್-22 ಫೈಲ್ ಮಾಡಿಸುವುದು ಒಂದೆರಡು ದಿನದ ಕೆಲಸ. ಅದನ್ನು ಎರಡು ಮೂರು ವರ್ಷ ಒಂದು ದಿನವೂ ಬಿಡುವಿಲ್ಲದೆ ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಕೆಳಗಿನ ಅರ್ಧ ಪ್ರಶ್ನೆಗಳು ಅದರ ಸುತ್ತಲೇ ಇವೆ.

ಎಸ್‌ಆರ್-22 ಅಂದರೆ ಬೇರೆ ಒಂದು ಇನ್ಶೂರೆನ್ಸಾ?

ಅಲ್ಲ. "ಈ ವ್ಯಕ್ತಿಗೆ ನಮ್ಮಲ್ಲಿ ಪಾಲಿಸಿ ಇದೆ, ರಾಜ್ಯ ಕೇಳುವ ಕನಿಷ್ಠ ಮೊತ್ತಕ್ಕೆ ಕಡಿಮೆಯಿಲ್ಲ, ಅದು ರದ್ದಾದರೆ ನಿಮಗೆ ತಿಳಿಸುತ್ತೇವೆ" ಎಂದು ಇನ್ಶೂರೆನ್ಸ್ ಕಂಪನಿ ರಾಜ್ಯ ಸರ್ಕಾರಕ್ಕೆ ಬರೆದುಕೊಡುವ ಪ್ರಮಾಣಪತ್ರ ಅದು. ಪಾಲಿಸಿ ಮೊದಲು ಇರಬೇಕು, ಪ್ರಮಾಣಪತ್ರ ಅದರ ಮೇಲೆ ಹೊರಡುತ್ತದೆ. "ಎಸ್‌ಆರ್-22 ಇನ್ಶೂರೆನ್ಸ್ ಮಾರುತ್ತೇವೆ" ಎಂಬ ಜಾಹೀರಾತು ಕಂಡರೆ, ಅವರು ಮಾರುತ್ತಿರುವುದು ಬೇರೆಯವರಿಗಾಗುವ ನಷ್ಟ ತುಂಬುವ ಮಾಮೂಲಿ ಲಯಬಿಲಿಟಿ ಪಾಲಿಸಿ. ಜೊತೆಗೆ ಆ ಪತ್ರವನ್ನೂ ಕಳಿಸುತ್ತಾರೆ, ಅಷ್ಟೇ.

ಕನಿಷ್ಠ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಬ್ಬರಿಗೆ ಗಾಯವಾದರೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000, ಬೇರೆಯವರ ಆಸ್ತಿ ಹಾನಿಗೆ 15,000. ಅದಕ್ಕೂ ಮುಂಚೆ ಇದು 15,000, 30,000 ಮತ್ತು 5,000 ಇತ್ತು. ಅಂತರ್ಜಾಲದಲ್ಲಿ ಹಳೆಯ ಅಂಕಿಗಳು ಇನ್ನೂ ಓಡಾಡುತ್ತಿವೆ, ನಂಬಬೇಡಿ. ಟೆಕ್ಸಸ್‌ನಲ್ಲಿ 30,000, 60,000, 25,000. ಇಲಿನಾಯ್‌ನಲ್ಲಿ 25,000, 50,000, 20,000.

ಊರಲ್ಲಿ ಇಂಥದ್ದನ್ನು ಕೇಳಿಯೇ ಇರಲಿಲ್ಲ. ಇಲ್ಲಿ ಯಾಕೆ ಹೀಗೆ?

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಆದರೆ ಅದು ಗಾಡಿಗೆ ಅಂಟಿಕೊಂಡಿರುತ್ತದೆ. ಕುಡಿದು ಓಡಿಸಿ ಸಿಕ್ಕಿಬಿದ್ದು ಆರ್‌ಟಿಓ ಡಿಎಲ್ ಅಮಾನತು ಮಾಡಿದರೂ, ಅದನ್ನು ವಾಪಸ್ ಕೊಡುವಾಗ ಇನ್ಶೂರೆನ್ಸ್ ಕಂಪನಿ ಆರ್‌ಟಿಓಗೆ ಏನನ್ನೂ ಬರೆದುಕೊಡಬೇಕಿಲ್ಲ. ಅಮೆರಿಕದಲ್ಲಿ ಪಾಲಿಸಿಯ ಲೆಕ್ಕ ಗಾಡಿಯ ಜೊತೆಗೆ ಓಡಿಸುವವರನ್ನೂ ಹಿಡಿದು ಆಗುತ್ತದೆ. ಒಮ್ಮೆ ನಂಬಿಕೆ ಕಳೆದುಕೊಂಡ ಚಾಲಕ ಮತ್ತೆ ರಸ್ತೆಗೆ ಇಳಿಯಬೇಕಾದರೆ ಅವನಿಂದಾಗುವ ನಷ್ಟ ತುಂಬಲು ಯಾರಾದರೂ ಇದ್ದಾರೆಂಬ ಖಾತರಿಯನ್ನು ರಾಜ್ಯ ಕೇಳುತ್ತದೆ. ಈ ವ್ಯತ್ಯಾಸ ತಿಳಿದರೆ ಮುಂದಿನ ಬಹಳಷ್ಟು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಕಾರಿಲ್ಲದವರಿಗೂ ಯಾಕೆ ಇದು ಬೇಕು ಎಂಬುದು ಕೂಡ.

ಯಾರಿಗೆಲ್ಲ ಇದು ಬೇಕಾಗುತ್ತದೆ?

ಕುಡಿದು ಓಡಿಸಿದ ಕೇಸು, ಅಂದರೆ ಡಿಯುಐ, ಎಲ್ಲರಿಗೂ ಗೊತ್ತಿರುವ ಕಾರಣ. ಟೆಕ್ಸಸ್‌ನಲ್ಲಿ ಅದನ್ನು ಡಿಡಬ್ಲ್ಯುಐ ಎನ್ನುತ್ತಾರೆ. ಆದರೆ ಮದ್ಯ ಮುಟ್ಟದವರಿಗೂ ಈ ಪತ್ರ ಬರುತ್ತದೆ: ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದು, ಇನ್ಶೂರೆನ್ಸ್ ಇಲ್ಲದಾಗ ಅಪಘಾತವಾದದ್ದು, ಅಪಘಾತದ ಕೋರ್ಟ್ ತೀರ್ಪಿನ ಹಣ ಕಟ್ಟದೇ ಇದ್ದದ್ದು, ಸಂಚಾರ ತಪ್ಪುಗಳಿಗೆ ದಾಖಲೆಯಲ್ಲಿ ಬೀಳುವ ಪಾಯಿಂಟುಗಳು ಸೇರಿ ಸೇರಿ ಮಿತಿ ದಾಟಿದ್ದು, ಸಸ್ಪೆಂಡ್ ಆಗಿರುವಾಗಲೇ ಓಡಿಸಿ ಸಿಕ್ಕಿಬಿದ್ದದ್ದು.

ಕ್ಯಾಲಿಫೋರ್ನಿಯಾದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಅಥವಾ ಹಾನಿ 1,000 ಡಾಲರ್ ದಾಟಿದರೆ, ತಪ್ಪು ಯಾರದೇ ಇರಲಿ, 10 ದಿನದೊಳಗೆ ಎಸ್‌ಆರ್-1 ಎಂಬ ವರದಿಯನ್ನು ಡಿಎಂವಿಗೆ ಕೊಡಬೇಕು. ಪೊಲೀಸರು ಬಂದು ಬರೆದುಕೊಂಡರು, ಸಾಕು ಎಂದುಕೊಂಡು ಸುಮ್ಮನಾಗುವವರಿದ್ದಾರೆ. ಪೊಲೀಸ್ ವರದಿಯೇ ಬೇರೆ, ಎಸ್‌ಆರ್-1 ಬೇರೆ. ಎಸ್‌ಆರ್-1 ಮತ್ತು ಎಸ್‌ಆರ್-22 ಕೂಡ ಒಂದೇ ಅಲ್ಲ: ಮೊದಲನೆಯದು ಅಪಘಾತದ ವರದಿ, ಅದನ್ನು ನೀವೇ ಕೊಡಬಹುದು.

ಎಲ್ಲ ರಾಜ್ಯಗಳಲ್ಲೂ ಎಸ್‌ಆರ್-22 ಇದೆಯಾ?

ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮಿನೆಸೋಟದಂಥ ಕೆಲವು ರಾಜ್ಯಗಳು ಇದನ್ನು ಕೇಳುವುದಿಲ್ಲ. ಕೇಳುವುದಿಲ್ಲವೆಂದರೆ ಸಡಿಲ ಎಂದಲ್ಲ. ನ್ಯೂಯಾರ್ಕ್‌ನಲ್ಲಿ ಪಾಲಿಸಿ ಶುರುವಾದದ್ದು, ನಿಂತದ್ದು ಎಲ್ಲವೂ ಕಂಪನಿಯಿಂದ ನೇರವಾಗಿ ಡಿಎಂವಿ ಕಂಪ್ಯೂಟರಿಗೆ ಹೋಗುತ್ತದೆ. ನೋಂದಣಿಯಾದ ಗಾಡಿಗೆ ಪಾಲಿಸಿ ತಪ್ಪಿದರೆ ಮೊದಲ 30 ದಿನ ದಿನಕ್ಕೆ 8 ಡಾಲರ್, ಮುಂದಿನ 30 ದಿನ 10 ಡಾಲರ್, ಅದರ ಮುಂದಿನ 30 ದಿನ 12 ಡಾಲರ್ ದಂಡ. 90 ದಿನ ದಾಟಿದರೆ ಲೈಸೆನ್ಸೇ ಸಸ್ಪೆಂಡ್. ನಾರ್ತ್ ಕ್ಯಾರೊಲೈನಾದಲ್ಲಿ ಇನ್ಶೂರೆನ್ಸ್ ಪುರಾವೆಗೆ ಡಿಎಲ್-123 ಎಂಬ ಫಾರಂ ಇದೆ.

ಫ್ಲಾರಿಡಾ ಮತ್ತು ವರ್ಜೀನಿಯಾದಲ್ಲಿ ಡಿಯುಐ ಆದವರಿಗೆ ಎಸ್‌ಆರ್-22 ಸಾಲದು, ಅದೇ ಬಗೆಯ, ಆದರೆ ಹೆಚ್ಚಿನ ಮೊತ್ತದ ಪಾಲಿಸಿ ಕೇಳುವ ಎಫ್‌ಆರ್-44 ಎಂಬ ಪ್ರಮಾಣಪತ್ರ ಬೇಕು. ಇದು ದುಬಾರಿ. ಫ್ಲಾರಿಡಾದಲ್ಲಿ ಒಬ್ಬರ ಗಾಯಕ್ಕೆ 1,00,000, ಒಂದು ಅಪಘಾತಕ್ಕೆ 3,00,000, ಆಸ್ತಿಗೆ 50,000 ಡಾಲರ್ ಮೊತ್ತದ ಪಾಲಿಸಿಯೇ ಆಗಬೇಕು. ಅದೇ ರಾಜ್ಯದಲ್ಲಿ ಸಾಮಾನ್ಯ ಚಾಲಕರಿಗೆ 10,000 ಡಾಲರಿನ ಪಿಐಪಿ (ತಪ್ಪು ಯಾರದೇ ಇರಲಿ, ನಿಮ್ಮ ಚಿಕಿತ್ಸೆಯ ಖರ್ಚಿಗೆ ಬರುವ ಕವರೇಜ್) ಮತ್ತು 10,000 ಡಾಲರಿನ ಆಸ್ತಿ ಹಾನಿ ಕವರೇಜ್ ಇದ್ದರೆ ನಡೆಯುತ್ತದೆ. ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಸಸ್ಪೆನ್ಷನ್ ಪತ್ರ ಬಂದಿದೆ. ಮೊದಲ ಹೆಜ್ಜೆ ಯಾವುದು?

ಪತ್ರವನ್ನು ಕೂತು, ಪೂರ್ತಿಯಾಗಿ ಓದಿ. ಗಾಬರಿಯಲ್ಲಿ ಮೊದಲ ಸಾಲು ಓದಿ ಮಡಿಸಿಡುತ್ತೇವೆ, ಬೇಕಾದ ಸಂಗತಿಗಳೆಲ್ಲ ಕೆಳಗಿರುತ್ತವೆ. ಅದರಲ್ಲಿ ನಾಲ್ಕು ವಿಷಯ ಹುಡುಕಿ: ಯಾವ ಕಾರಣಕ್ಕೆ ಸಸ್ಪೆಂಡ್ ಮಾಡಿದ್ದಾರೆ, ಯಾವ ದಿನದಿಂದ, ಲೈಸೆನ್ಸ್ ವಾಪಸಾಗಲು ಏನೇನು ಬೇಕು, ಎಸ್‌ಆರ್-22 ಎಷ್ಟು ವರ್ಷ ಇರಬೇಕು. ಒಂದಕ್ಕಿಂತ ಹೆಚ್ಚು ಸಸ್ಪೆನ್ಷನ್ ಇರಬಹುದು. ಡಿಯುಐನಲ್ಲಿ ಡಿಎಂವಿ ತನ್ನ ಕಡೆಯಿಂದ ಒಂದು, ಕೋರ್ಟಿನ ತೀರ್ಪಿನಿಂದ ಇನ್ನೊಂದು ಹೀಗೆ ಎರಡು ಬರುವುದು ಸಾಮಾನ್ಯ. ಒಂದನ್ನು ಮುಗಿಸಿ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ.

ಆಮೇಲೆ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ "ಎಸ್‌ಆರ್-22 ಫೈಲ್ ಮಾಡುತ್ತೀರಾ" ಎಂದು ನೇರವಾಗಿ ಕೇಳಿ. ಎಲ್ಲ ಕಂಪನಿಗಳೂ ಮಾಡುವುದಿಲ್ಲ. ಮಾಡುವುದಾದರೆ ಯಾವ ರಾಜ್ಯಕ್ಕೆ, ಯಾವ ದಿನ ಕಳಿಸುತ್ತೀರಿ, ನನಗೆ ಪ್ರತಿ ಕೊಡುತ್ತೀರಾ ಎಂದೂ ಕೇಳಿ. ಪ್ರತಿಯನ್ನು ಇಟ್ಟುಕೊಳ್ಳಿ. ಕಡೆಯದಾಗಿ ರಾಜ್ಯದ ಶುಲ್ಕ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಸಸ್ಪೆನ್ಷನ್‌ಗಳಿಗೆ 55 ಡಾಲರ್, ಡಿಯುಐ ಬಂಧನದಿಂದಾದ ಡಿಎಂವಿ ಸಸ್ಪೆನ್ಷನ್‌ಗೆ 125 ಡಾಲರ್. ಟೆಕ್ಸಸ್‌ನಲ್ಲಿ ಕಾರಣ ನೋಡಿ 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚು. ಅಲ್ಲಿ ಈ ಕೆಲಸ ಡಿಎಂವಿಯದಲ್ಲ, ಡಿಪಿಎಸ್ ಇಲಾಖೆಯದು.

ನಾನೇ ಫಾರಂ ತುಂಬಿ ಡಿಎಂವಿಗೆ ಕೊಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಕಂಪನಿಯೇ ಫೈಲ್ ಮಾಡಬೇಕು, ಈಗ ಹೆಚ್ಚಾಗಿ ಕಂಪ್ಯೂಟರ್ ಮೂಲಕವೇ ಹೋಗುತ್ತದೆ. ಇಲಿನಾಯ್‌ನಲ್ಲಂತೂ ಸ್ಥಳೀಯ ಏಜೆಂಟ್ ಬರೆದುಕೊಟ್ಟದ್ದೂ ನಡೆಯುವುದಿಲ್ಲ, ಕಂಪನಿಯ ಮುಖ್ಯ ಕಚೇರಿಯಿಂದ, ಅಲ್ಲಿ ಲೈಸೆನ್ಸ್ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗಬೇಕು. ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವ ಇನ್ಶೂರೆನ್ಸ್ ಕಾರ್ಡು ಇದರ ಬದಲಿಗೆ ನಡೆಯುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಯುಐ. ಎಸ್‌ಆರ್-22 ಒಂದೇ ಸಾಕಾ?

ಸಾಲದು. ಬಂಧನದ ದಿನ ಪೊಲೀಸರು ಲೈಸೆನ್ಸ್ ಕಿತ್ತುಕೊಂಡು ಗುಲಾಬಿ ಬಣ್ಣದ ಕಾಗದ ಕೊಟ್ಟಿರುತ್ತಾರೆ. ಅದು 30 ದಿನದ ತಾತ್ಕಾಲಿಕ ಲೈಸೆನ್ಸ್. ಡಿಎಂವಿ ಮುಂದೆ ಹಿಯರಿಂಗ್ ಬೇಕಾದರೆ 10 ದಿನದೊಳಗೆ ಕೇಳಬೇಕು. ಈ 10 ದಿನ ಹೋದರೆ ಹೋಯಿತು. ಆದ್ದರಿಂದ ನಿನ್ನೆ ಮೊನ್ನೆ ಬಂಧನವಾಗಿದ್ದರೆ ಈ ಪುಟ ಇಲ್ಲಿಗೇ ನಿಲ್ಲಿಸಿ, ವಕೀಲರಿಗೆ ಫೋನ್ ಮಾಡಿ ಬಂದು ಮುಂದೆ ಓದಿ.

21 ವರ್ಷ ದಾಟಿದವರ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಅಥವಾ ಹೆಚ್ಚಿದ್ದರೆ ಡಿಎಂವಿಯ ಮೊದಲ ಸಸ್ಪೆನ್ಷನ್ 4 ತಿಂಗಳು. ಅದರ ನಡುವೆ ಓಡಿಸಲು ಎರಡು ದಾರಿಗಳಿವೆ. ಒಂದು, 30 ದಿನ ಏನೂ ಓಡಿಸದೆ ಇದ್ದು, ಆಮೇಲೆ ಕೆಲಸಕ್ಕೆ ಮತ್ತು ಡಿಯುಐ ತರಗತಿಗೆ ಮಾತ್ರ ಓಡಿಸಬಹುದಾದ ನಿರ್ಬಂಧಿತ ಲೈಸೆನ್ಸ್. ಎರಡು, ಉಸಿರು ಊದಿದರೆ ಮಾತ್ರ ಇಂಜಿನ್ ಶುರುವಾಗುವ ಉಪಕರಣವನ್ನು ಕಾರಿಗೆ ಹಾಕಿಸುವುದು. 2019ರಿಂದ ಈ ದಾರಿ ಇಡೀ ರಾಜ್ಯದಲ್ಲಿ ಇದೆ, ಇದರಲ್ಲಿ ಎಲ್ಲಿಗೆ ಬೇಕಾದರೂ ಓಡಿಸಬಹುದು. ಮಕ್ಕಳನ್ನು ಶಾಲೆಗೆ ಬಿಡುವ, ಆಸ್ಪತ್ರೆಗೆ ಓಡಾಡುವ ಸಂಸಾರವಿದ್ದರೆ ಎರಡನೆಯದೇ ಮೇಲು ಎಂದು ನನ್ನ ಅಭಿಪ್ರಾಯ.

ಯಾವ ದಾರಿ ಹಿಡಿದರೂ ಎಸ್‌ಆರ್-22 ಬೇಕು, ಶುಲ್ಕ ಕಟ್ಟಬೇಕು, ಡಿಯುಐ ತರಗತಿಗೆ ಸೇರಿದ ಪುರಾವೆ ಬೇಕು. ಆ ಪುರಾವೆ ಡಿಎಲ್ 107. ತರಗತಿ ಮುಗಿದಾಗ ಹೋಗುವುದು ಡಿಎಲ್ 101. ಉಪಕರಣ ಹಾಕಿಸಿದ್ದಕ್ಕೆ ಡಿಎಲ್ 920. ಇವುಗಳಲ್ಲಿ ಒಂದು ಡಿಎಂವಿ ಕಡತದಲ್ಲಿ ಇಲ್ಲದಿದ್ದರೂ ಲೈಸೆನ್ಸ್ ಬರುವುದಿಲ್ಲ. "ಎಸ್‌ಆರ್-22 ಹೋಗಿ ವಾರವಾಯಿತು, ಇನ್ನೂ ಸಸ್ಪೆಂಡ್ ಅಂತಲೇ ತೋರಿಸುತ್ತಿದೆ" ಅನ್ನುವವರು ಮೊದಲು ಇವನ್ನು ನೋಡಬೇಕು.

ಇನ್ಶೂರೆನ್ಸ್ ಕಂಪನಿಗೆ ಹೇಳದೆ ಇದ್ದರೆ ಆಗದೇ? ಪ್ರೀಮಿಯಂ ಏರುತ್ತದಲ್ಲ.

ಹೇಳದೆ ಎಸ್‌ಆರ್-22 ಬರುವುದೇ ಇಲ್ಲ. ಕೆಲವರು ಹಳೆಯ ಕಂಪನಿಗೆ ಗೊತ್ತಾಗದಿರಲಿ ಎಂದು ಬೇರೊಂದು ಕಂಪನಿಯಲ್ಲಿ ಸಣ್ಣ ಪಾಲಿಸಿ ಮಾಡಿಸಿ ಅದರ ಮೇಲೆ ಎಸ್‌ಆರ್-22 ಹಾಕಿಸುವ ಯೋಚನೆ ಮಾಡುತ್ತಾರೆ. ಪಾಲಿಸಿ ನವೀಕರಣದ ಸಮಯದಲ್ಲಿ ಕಂಪನಿಗಳು ನಿಮ್ಮ ಚಾಲನಾ ದಾಖಲೆ ತರಿಸಿ ನೋಡುತ್ತವೆ, ಅಲ್ಲಿ ಎಲ್ಲವೂ ಇರುತ್ತದೆ. ಇನ್ನೂ ಕೆಟ್ಟದ್ದು, ಅರ್ಜಿಯಲ್ಲಿ "ಲೈಸೆನ್ಸ್ ಸಸ್ಪೆಂಡ್ ಆಗಿದೆಯೇ" ಎಂಬ ಪ್ರಶ್ನೆಗೆ ಸುಳ್ಳು ಬರೆದಿದ್ದರೆ, ಅಪಘಾತವಾದ ಮೇಲೆ ಕಂಪನಿ ಪಾಲಿಸಿಯನ್ನೇ ಅಸಿಂಧು ಮಾಡಬಹುದು. ಆಗ ಗಾಯಗೊಂಡವರ ಆಸ್ಪತ್ರೆ ಖರ್ಚು ನಿಮ್ಮ ಮನೆ, ನಿಮ್ಮ ಉಳಿತಾಯದ ಮೇಲೆ ಬರುತ್ತದೆ. ನಿಜ ಹೇಳಿ, ದುಬಾರಿ ಪ್ರೀಮಿಯಂ ಕಟ್ಟಿ.

ಒಟ್ಟು ಖರ್ಚು ಎಷ್ಟಾಗಬಹುದು?

ಫೈಲಿಂಗ್ ಶುಲ್ಕ ಚಿಕ್ಕದು, ಬಹುತೇಕ 15ರಿಂದ 50 ಡಾಲರ್ ಒಳಗೆ. ಪ್ರೀಮಿಯಂ ಏರುವುದು ಈ ಪತ್ರದಿಂದಲ್ಲ, ಪತ್ರಕ್ಕೆ ಕಾರಣವಾದ ತಪ್ಪಿನಿಂದ. ಕ್ಯಾಲಿಫೋರ್ನಿಯಾದಲ್ಲಿ ಡಿಯುಐ ಶಿಕ್ಷೆಯಾದರೆ ಕಾನೂನು ಕೊಡಿಸುವ ಗುಡ್ ಡ್ರೈವರ್ ರಿಯಾಯಿತಿ 10 ವರ್ಷ ಸಿಗುವುದಿಲ್ಲ. ದೊಡ್ಡ ಪೆಟ್ಟು ಅದೇ.

ಕಂಪನಿಯಿಂದ ಕಂಪನಿಗೆ ದರ ಬಹಳ ವ್ಯತ್ಯಾಸ ಇರುತ್ತದೆ. ಮೊದಲು ಹೇಳಿದ ಬೆಲೆಗೆ ಒಪ್ಪಿಬಿಡಬೇಡಿ. ಹಲವು ಕಂಪನಿಗಳಲ್ಲಿ ವಿಚಾರಿಸುವ ಸ್ವತಂತ್ರ ಏಜೆಂಟ್ ಒಬ್ಬರನ್ನು ಹಿಡಿದರೆ ಒಳ್ಳೆಯದು. ತಿಂಗಳ ಕಂತಿಗಿಂತ ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟುವ ಶಕ್ತಿ ಇದ್ದರೆ ಹಾಗೇ ಮಾಡಿ. ಉಳಿಯುವ ದುಡ್ಡಿಗಿಂತ ಕಂತು ತಪ್ಪುವ ಭಯ ಇಲ್ಲದಿರುವುದು ದೊಡ್ಡ ಲಾಭ.

ನನ್ನ ಹತ್ತಿರ ಕಾರೇ ಇಲ್ಲ. ಆದರೂ ಬೇಕಾ?

ರಾಜ್ಯ ಎಸ್‌ಆರ್-22 ಕೇಳಿದ್ದರೆ ಬೇಕು. ಕಾರಿಲ್ಲದವರಿಗೆ ನಾನ್-ಓನರ್ ಪಾಲಿಸಿ ಇದೆ. ಸ್ನೇಹಿತರ ಕಾರನ್ನು ಅಪರೂಪಕ್ಕೆ ಓಡಿಸಿದಾಗ ಬೇರೆಯವರಿಗಾಗುವ ನಷ್ಟಕ್ಕೆ, ಕಾರಿನ ಮಾಲೀಕರ ಪಾಲಿಸಿ ಮೀರಿದ ಮೇಲೆ, ಇದು ಸಹಾಯಕ್ಕೆ ಬರುತ್ತದೆ. ಓಡಿಸಿದ ಕಾರಿನ ರಿಪೇರಿಗೆ ಬರುವುದಿಲ್ಲ. ಬೆಲೆ ಸಾಮಾನ್ಯವಾಗಿ ಕಾರಿರುವವರ ಪಾಲಿಸಿಗಿಂತ ಕಡಿಮೆ.

ಕಾರು ಹೆಂಡತಿಯ ಹೆಸರಲ್ಲಿದೆ. ನಾನ್-ಓನರ್ ಪಾಲಿಸಿ ತೆಗೆದುಕೊಂಡರೆ ಅಗ್ಗ ಅಲ್ಲವೇ?

ಈ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ. ಒಂದೇ ಮನೆಯಲ್ಲಿದ್ದು, ಆ ಕಾರನ್ನು ಯಾವಾಗ ಬೇಕಾದರೂ ಓಡಿಸುವಂತಿದ್ದರೆ ನಾನ್-ಓನರ್ ಪಾಲಿಸಿ ಅದಕ್ಕೆ ಅನ್ವಯಿಸುವುದಿಲ್ಲ. ಎಸ್‌ಆರ್-22 ಡಿಎಂವಿ ಸೇರಿ ಲೈಸೆನ್ಸ್ ಬಂದಿರುತ್ತದೆ, ಅಪಘಾತವಾದ ದಿನ ಕಂಪನಿ ಕೈ ಎತ್ತುತ್ತದೆ. ಸರಿಯಾದ ದಾರಿ ಎರಡೇ. ಆಕೆಯ ಪಾಲಿಸಿಯಲ್ಲಿ ನಿಮ್ಮನ್ನೂ ಚಾಲಕರಾಗಿ ಸೇರಿಸಿ ಅದರ ಮೇಲೆಯೇ ಎಸ್‌ಆರ್-22 ಹಾಕಿಸುವುದು. ಅಥವಾ ಆಕೆಯ ಪಾಲಿಸಿಯಿಂದ ನಿಮ್ಮನ್ನು ಹೆಸರು ಹಿಡಿದು ಹೊರಗಿಡಿಸಿ, ನೀವು ಬೇರೆ ಪಾಲಿಸಿ ಮಾಡಿಸುವುದು.

ಎರಡನೆಯದರಲ್ಲಿ ಆಕೆಯ ಪ್ರೀಮಿಯಂ ಏರದೆ ಉಳಿಯಬಹುದು. ಆದರೆ ಆಮೇಲೆ ಆ ಕಾರಿನ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿಯೂ ಮುಟ್ಟುವಂತಿಲ್ಲ. ಇದನ್ನು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ನಿಜವಾಗಿ ಪಾಲಿಸಲು ಆಗುತ್ತದೆ ಅನ್ನಿಸಿದರೆ ಮಾತ್ರ ಮಾಡಿ.

ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಒಂದೇ ಪದ. ತೊಂದರೆ ಆಗುತ್ತದಾ?

ಆಗಬಹುದು, ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಹೆಸರುಗಳು ಅಮೆರಿಕದ ಫಾರಂಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್ಲು, ಹೀಗೆ ಒಬ್ಬೊಬ್ಬರದು ಒಂದೊಂದು ಕ್ರಮ. ಪಾಸ್‌ಪೋರ್ಟಿನಲ್ಲಿ ಒಂದೇ ಪದವಿದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ, ಲೈಸೆನ್ಸಿಗೂ ಅದೇ ಇಳಿದಿರುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಮಾತ್ರ ಎಲ್ಲರೂ ಕರೆಯುವ ಹೆಸರನ್ನೂ ಅಪ್ಪನ ಹೆಸರನ್ನೂ ಸೇರಿಸಿ ಹೇಳಿರುತ್ತೇವೆ.

ಕಂಪನಿ ಆ ಹೆಸರಲ್ಲಿ ಎಸ್‌ಆರ್-22 ಕಳಿಸುತ್ತದೆ. ಡಿಎಂವಿ ಕಡತದ ಹೆಸರಿಗೆ ಅದು ಹೊಂದದಿದ್ದರೆ ಪತ್ರ ತಿರಸ್ಕೃತವಾಗಬಹುದು, ಅಥವಾ ನಿಮ್ಮ ದಾಖಲೆಗೆ ಸೇರದೆ ಉಳಿಯಬಹುದು. ಕಂಪನಿ "ಕಳಿಸಿದ್ದೇವೆ" ಎನ್ನುತ್ತದೆ, ಡಿಎಂವಿ "ಬಂದಿಲ್ಲ" ಎನ್ನುತ್ತದೆ, ಇಬ್ಬರೂ ಹೇಳುವುದು ನಿಜ. ಹಾಗಾಗಿ ಏಜೆಂಟಿನ ಎದುರು ಲೈಸೆನ್ಸ್ ಇಟ್ಟು, ಅದರಲ್ಲಿ ಇರುವ ಹಾಗೆಯೇ ಅಕ್ಷರ ಅಕ್ಷರ ಬರೆಸಿ. ಲೈಸೆನ್ಸ್ ನಂಬರ್ ಎರಡು ಸಲ ಓದಿಸಿ. ಹುಟ್ಟಿದ ದಿನಾಂಕವನ್ನೂ ನೋಡಿ: ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. ಮೇ 8ರಂದು ಹುಟ್ಟಿದವರು ಆಗಸ್ಟ್ 5ಕ್ಕೆ ಹುಟ್ಟಿದವರಾಗಲು ಒಂದು ನಿಮಿಷ ಸಾಕು.

ಎಸ್‌ಆರ್-22 ಫೈಲ್ ಆಯಿತು. ಇವತ್ತೇ ಕಾರು ತೆಗೆಯಲೇ?

ಬೇಡ. ಪತ್ರ ತಲುಪಿ, ಉಳಿದ ಷರತ್ತು ಮತ್ತು ಶುಲ್ಕ ಸೇರಿ, ರಾಜ್ಯದ ದಾಖಲೆಯಲ್ಲಿ ಲೈಸೆನ್ಸ್ ಊರ್ಜಿತವಾದ ಮೇಲೆಯೇ ಓಡಿಸಬೇಕು. ಕ್ಯಾಲಿಫೋರ್ನಿಯಾ ಡಿಎಂವಿ, ಟೆಕ್ಸಸ್ ಡಿಪಿಎಸ್ ಎರಡರಲ್ಲೂ ಆನ್‌ಲೈನ್‌ನಲ್ಲಿ ಸ್ಥಿತಿ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಡಿಯುಐ ಸಸ್ಪೆನ್ಷನ್ ಇರುವಾಗ ಓಡಿಸಿ ಶಿಕ್ಷೆಯಾದರೆ ಮೊದಲ ಸಲಕ್ಕೇ ಕನಿಷ್ಠ 10 ದಿನ ಜೈಲು, 300ರಿಂದ 1,000 ಡಾಲರ್ ದಂಡ ಎಂದು ಕಾನೂನಿನಲ್ಲಿದೆ. ಕಾರನ್ನು 30 ದಿನ ಜಪ್ತಿ ಮಾಡಲೂಬಹುದು. ನಾಲ್ಕು ದಿನ ಊಬರ್‌ನಲ್ಲಿ ಹೋಗಿ.

ಇಂಡಿಯಾದ ಡಿಎಲ್ ಇದೆ, ಐಡಿಪಿ ಇದೆ. ಅಲ್ಲಿವರೆಗೆ ಅದರಲ್ಲಿ ಓಡಿಸಬಹುದಲ್ಲ?

ಖಂಡಿತ ಆಗದು. ಸಸ್ಪೆಂಡ್ ಆಗಿರುವುದು ಪ್ಲಾಸ್ಟಿಕ್ ಕಾರ್ಡು ಮಾತ್ರವಲ್ಲ, ಆ ರಾಜ್ಯದ ರಸ್ತೆಯಲ್ಲಿ ಓಡಿಸುವ ನಿಮ್ಮ ಹಕ್ಕು. ಬೆಂಗಳೂರಿನ ಆರ್‌ಟಿಓ ಕೊಟ್ಟ ಐಡಿಪಿ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ತೋರಿಸಿದರೂ ಸಸ್ಪೆಂಡ್ ಆದ ಚಾಲಕ ಓಡಿಸಿದ ಕೇಸೇ ಆಗುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಈ ಸಲಹೆ ಕೊಡುವವರ ಮಾತು ಕೇಳಬೇಡಿ.

ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೊಸ ಲೈಸೆನ್ಸ್ ಮಾಡಿಸಿದರೆ ಇದು ಮುಗಿಯಿತಾ?

ಮುಗಿಯುವುದಿಲ್ಲ. ನ್ಯಾಷನಲ್ ಡ್ರೈವರ್ ರಿಜಿಸ್ಟರ್ ಎಂಬ ಕೇಂದ್ರ ದಾಖಲೆ ಇದೆ. ಯಾವ ರಾಜ್ಯದಲ್ಲಿ ಅರ್ಜಿ ಹಾಕಿದರೂ ಅದನ್ನು ನೋಡುತ್ತಾರೆ, ಹಳೆಯ ರಾಜ್ಯದ ಸಸ್ಪೆನ್ಷನ್ ಅಲ್ಲಿ ಸಿಗುತ್ತದೆ. ಮೊದಲು ಹಳೆಯ ರಾಜ್ಯದಲ್ಲಿ ಬಿಡಿಸಿಕೊಳ್ಳಬೇಕು. ಲೈಸೆನ್ಸ್ ಸಿಕ್ಕ ಮೇಲೆಯೂ ಹಳೆಯ ರಾಜ್ಯ ಹೇಳಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಅಲ್ಲಿಗೆ ಎಸ್‌ಆರ್-22 ಮುಂದುವರಿಯಬೇಕು. ಡಲ್ಲಾಸ್‌ಗೆ ಹೋದ ಮೇಲೆ ಮಾಡಿಸುವ ಹೊಸ ಪಾಲಿಸಿಯ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಫೈಲ್ ಮಾಡಬಲ್ಲ ಕಂಪನಿಯನ್ನೇ ಹುಡುಕಿ. ಹೊಸ ಏಜೆಂಟಿಗೆ "ಪಾಲಿಸಿ ಟೆಕ್ಸಸ್‌ದು, ಫೈಲಿಂಗ್ ಕ್ಯಾಲಿಫೋರ್ನಿಯಾದ್ದು" ಎಂದು ಬಿಡಿಸಿ ಹೇಳಿ.

ವಿಳಾಸ ಬದಲಾದದ್ದನ್ನೂ ತಿಳಿಸಿ. ಕ್ಯಾಲಿಫೋರ್ನಿಯಾದೊಳಗೇ ಮನೆ ಬದಲಾಯಿಸಿದರೆ ಡಿಎಂವಿಗೆ 10 ದಿನದೊಳಗೆ ಹೇಳಬೇಕು. ಇಮಿಗ್ರೇಶನ್ನಿನವರಿಗೆ ವಿಳಾಸ ಬದಲಾವಣೆಯ ಎಆರ್-11 ಫಾರಂ ಕೊಡಲೂ ಅದೇ 10 ದಿನ, ಎರಡನ್ನೂ ಒಂದೇ ದಿನ ಮುಗಿಸಿ. ಹಳೆಯ ಮನೆಗೆ ಹೋದ ನೋಟಿಸ್ ಓದಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ.

ಎರಡು ತಿಂಗಳು ಊರಿಗೆ ಹೋಗುತ್ತಿದ್ದೇನೆ. ಕಾರು ನಿಂತೇ ಇರುತ್ತದೆ. ಇನ್ಶೂರೆನ್ಸ್ ನಿಲ್ಲಿಸಿ ಹೋಗಲೇ?

ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನಿಲ್ಲಿಸಬೇಡಿ. ಬೇರೆ ವರ್ಷಗಳಲ್ಲಿ ಕಾರನ್ನು ಗ್ಯಾರೇಜಿನಲ್ಲಿಟ್ಟು, ಪಾಲಿಸಿ ನಿಲ್ಲಿಸಿ, ಮದುವೆ ಮುಂಜಿ ಮುಗಿಸಿ ಬಂದಿರಬಹುದು. ಎಸ್‌ಆರ್-22 ಇರುವಾಗ ಪಾಲಿಸಿ ನಿಂತರೆ ಕಂಪನಿ ರಾಜ್ಯಕ್ಕೆ ಎಸ್‌ಆರ್-26 ಎಂಬ ರದ್ದತಿ ಪತ್ರ ಕಳಿಸುತ್ತದೆ. ಕಳಿಸಲೇಬೇಕು, ಅದು ಅವರ ಕರ್ತವ್ಯ. ನೀವು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವಾಗ ಇಲ್ಲಿ ಲೈಸೆನ್ಸ್ ಮತ್ತೆ ಸಸ್ಪೆಂಡ್ ಆಗುತ್ತದೆ, ನೋಟಿಸ್ ಬೀಗ ಹಾಕಿದ ಮನೆಯ ಅಂಚೆ ಡಬ್ಬಿಯಲ್ಲಿ ಬಿದ್ದಿರುತ್ತದೆ. ವಾಪಸ್ ಬಂದು ವಿಮಾನ ನಿಲ್ದಾಣದಿಂದ ಕಾರು ಓಡಿಸಿಕೊಂಡು ಮನೆಗೆ ಹೋದರೆ ಅದೇ ಒಂದು ಹೊಸ ಅಪರಾಧ.

ಕಾರನ್ನೇ ಮಾರಿ ಹೋಗುತ್ತೀರಾದರೆ, ಮಾರುವ ಮೊದಲು ನಾನ್-ಓನರ್ ಪಾಲಿಸಿ ಮಾಡಿಸಿ, ಅದರ ಮೇಲೆ ಹೊಸ ಎಸ್‌ಆರ್-22 ಹೋದದ್ದು ಖಾತ್ರಿಯಾದ ಮೇಲೆ ಹಳೆಯದನ್ನು ನಿಲ್ಲಿಸಿ. ಹೊರಡುವ ಮೊದಲು ಆಟೋಪೇ ಕಾರ್ಡಿನ ಅವಧಿ ನೋಡಿ. ಇಂಡಿಯಾದಲ್ಲಿ ಕಾರ್ಡ್ ಬಳಸಿದಾಗ ಬ್ಯಾಂಕು ಅನುಮಾನದಿಂದ ಅದನ್ನು ನಿಲ್ಲಿಸಿ ಹೊಸ ನಂಬರ್ ಕೊಡುವುದುಂಟು. ಆಗ ಹಳೆಯ ನಂಬರಿನ ಆಟೋಪೇ ಸದ್ದಿಲ್ಲದೆ ನಿಲ್ಲುತ್ತದೆ. ಸಾಧ್ಯವಾದರೆ ಅವಧಿಯ ಹಣವನ್ನು ಮುಂಗಡವಾಗಿ ಕಟ್ಟಿ, ಅಂಚೆ ತೆಗೆದು ನೋಡಲು ಸ್ನೇಹಿತರೊಬ್ಬರಿಗೆ ಹೇಳಿ ಹೋಗಿ.

ಒಂದು ಕಂತು ತಪ್ಪಿಹೋಗಿದೆ. ಈಗ?

ಈಗಲೇ ಫೋನ್ ಮಾಡಿ, ಸಂಜೆಗೆ ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಹಣ ಕಟ್ಟದ ಕಾರಣಕ್ಕೆ ಕಾರಿನ ಪಾಲಿಸಿ ರದ್ದು ಮಾಡಬೇಕಾದರೆ ಕನಿಷ್ಠ 10 ದಿನ ಮೊದಲು ನೋಟಿಸ್ ಕೊಡಬೇಕು. ಆ 10 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಏನೂ ಆಗಿಲ್ಲದಂತೆ ಮುಂದುವರಿಯುತ್ತದೆ. ರದ್ದಾಗಿಯೇ ಹೋಗಿದ್ದರೆ "ನಡುವೆ ಅಂತರ ಬಾರದಂತೆ ಪಾಲಿಸಿ ಮರಳಿ ಜೀವಂತ ಮಾಡುತ್ತೀರಾ" ಎಂದು ಕೇಳಿ. ಒಪ್ಪದಿದ್ದರೆ ಅದೇ ದಿನ ಬೇರೆ ಪಾಲಿಸಿ, ಹೊಸ ಎಸ್‌ಆರ್-22. ಕೆಲವು ರಾಜ್ಯಗಳಲ್ಲಿ ಅಂತರ ಬಿದ್ದರೆ ಅವಧಿ ಮತ್ತೆ ಮೊದಲಿಂದ ಎಣಿಕೆಯಾಗುತ್ತದೆ. ಎರಡೂವರೆ ವರ್ಷ ಕಟ್ಟಿದವರಿಗೆ ಇದು ತುಂಬ ನೋವಿನ ವಿಷಯ.

ಅಗ್ಗದ ಕಂಪನಿ ಸಿಕ್ಕಿದೆ. ಬದಲಾಯಿಸಬಹುದಾ?

ಧಾರಾಳವಾಗಿ. ಹೊಸ ಪಾಲಿಸಿ ಮೊದಲು ಶುರುವಾಗಲಿ, ಹೊಸ ಎಸ್‌ಆರ್-22 ರಾಜ್ಯಕ್ಕೆ ತಲುಪಲಿ, ಆಮೇಲೆ ಹಳೆಯದನ್ನು ರದ್ದು ಮಾಡಿ. ಒಂದೆರಡು ದಿನ ಎರಡಕ್ಕೂ ಹಣ ಹೋದರೂ ಪರವಾಗಿಲ್ಲ.

ಯಾವ ಕಂಪನಿಯೂ ಪಾಲಿಸಿ ಕೊಡುತ್ತಿಲ್ಲ.

ಅಂಥವರಿಗಾಗಿ ರಾಜ್ಯಗಳಲ್ಲಿ ಅಸೈನ್ಡ್ ರಿಸ್ಕ್ ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲಿಫೋರ್ನಿಯಾ ಆಟೋಮೊಬೈಲ್ ಅಸೈನ್ಡ್ ರಿಸ್ಕ್ ಪ್ಲಾನ್, ಟೆಕ್ಸಸ್‌ನಲ್ಲಿ ಟೈಪಾ. ಪರವಾನಗಿ ಇರುವ ಏಜೆಂಟ್ ಮೂಲಕ ಅರ್ಜಿ ಹಾಕಿದರೆ ಒಂದು ಕಂಪನಿಗೆ ನಿಮ್ಮನ್ನು ಹಂಚಿಕೊಡುತ್ತಾರೆ. ಬೇರೆ ದಾರಿ ಮುಚ್ಚಿದಾಗ ಮಾತ್ರ ಹೋಗಬೇಕಾದ ಜಾಗ ಇದು.

ಎಚ್-1ಬಿಯಲ್ಲಿದ್ದೇನೆ. ವೀಸಾಕ್ಕೆ ಏನಾದರೂ ಆಗುತ್ತದಾ?

ಎಸ್‌ಆರ್-22ರಿಂದ ಏನೂ ಆಗುವುದಿಲ್ಲ, ಅದು ರಾಜ್ಯ ಮತ್ತು ಇನ್ಶೂರೆನ್ಸ್ ಕಂಪನಿಯ ನಡುವಿನ ಕಾಗದ. ಆದರೆ ಹಿಂದಿರುವ ಕಾರಣ ಡಿಯುಐ ಆಗಿದ್ದರೆ ವಿಷಯ ಗಂಭೀರ. ಕಳೆದ ಐದು ವರ್ಷದೊಳಗೆ ಡಿಯುಐ ಬಂಧನವಾಗಿದ್ದರೆ, ಶಿಕ್ಷೆಯಾಗದಿದ್ದರೂ, ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. 2015ರಿಂದ ಈ ನೀತಿ ಇದೆ. ಆಮೇಲೆ ಊರಿಗೆ ಹೋದರೆ ಹೊಸ ವೀಸಾ ಹಾಕಿಸಿಕೊಂಡೇ ಬರಬೇಕು. ಚೆನ್ನೈ ಕಾನ್ಸುಲೇಟಿನವರು ವೈದ್ಯಕೀಯ ಪರೀಕ್ಷೆಗೆ ಕಳಿಸಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಬಂಧನದ ಬಗ್ಗೆ ಕೇಳುತ್ತಾರೆ, ಕೇಸು ವಜಾ ಆಗಿದ್ದರೂ ನಿಜವನ್ನೇ ಬರೆಯಬೇಕು. ಟಿಕೆಟ್ ತೆಗೆಯುವ ಮೊದಲು ಇಮಿಗ್ರೇಶನ್ ವಕೀಲರನ್ನು ಕಾಣಿ. ಡಿಯುಐ ವಕೀಲರು ಈ ವಿಷಯ ಬಲ್ಲವರೇ ಆಗಿರಬೇಕೆಂದಿಲ್ಲ.

ಆಫೀಸಿಗೆ, ಊರಿಗೆ ಗೊತ್ತಾಗುತ್ತದಾ?

ಎಸ್‌ಆರ್-22 ಬಗ್ಗೆ ಡಿಎಂವಿಯಾಗಲಿ ಇನ್ಶೂರೆನ್ಸ್ ಕಂಪನಿಯಾಗಲಿ ಆಫೀಸಿಗೆ ಪತ್ರ ಬರೆಯುವುದಿಲ್ಲ. ಕೆಲಸವೇ ಗಾಡಿ ಓಡಿಸುವುದಾಗಿದ್ದರೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಅಂಥ ಚಾಲಕರ ದಾಖಲೆ ಬದಲಾದರೆ ಮಾಲೀಕರಿಗೆ ತಿಳಿಸುವ ವ್ಯವಸ್ಥೆ ಇದೆ. ಇನ್ನು ಮನೆಯವರಿಗೆ ಮುಚ್ಚಿಡುವ ವಿಚಾರ. ಜೊತೆಗಿರುವವರಿಗಾದರೂ ಹೇಳಿ. ನೋಟಿಸ್ ಬಂದಾಗ ಇದೇನೆಂದು ಅವರಿಗೆ ತಿಳಿದಿರಬೇಕು, ಕಾರಿನ ಕೀ ನಿಮ್ಮ ಕೈಗೆ ಯಾಕೆ ಕೊಡಬಾರದು ಎಂಬುದೂ ತಿಳಿದಿರಬೇಕು. ನಾಚಿಕೆಯಿಂದ ಮುಚ್ಚಿಟ್ಟ ಮನೆಗಳಲ್ಲೇ ನೋಟಿಸು ಒಡೆಯದೆ ಉಳಿಯುವುದು.

ಎಷ್ಟು ವರ್ಷ ಇರಬೇಕು? ಮುಗಿದ ಮೇಲೆ ತಾನಾಗಿ ಹೋಗುತ್ತದಾ?

ಕ್ಯಾಲಿಫೋರ್ನಿಯಾ, ಇಲಿನಾಯ್‌ನಲ್ಲಿ ಸಾಮಾನ್ಯವಾಗಿ 3 ವರ್ಷ. ಟೆಕ್ಸಸ್‌ನಲ್ಲಿ ಶಿಕ್ಷೆಯಾದ ದಿನದಿಂದ 2 ವರ್ಷ. ಎಣಿಕೆ ಯಾವ ದಿನದಿಂದ ಎಂಬುದು ರಾಜ್ಯಕ್ಕೂ ಕಾರಣಕ್ಕೂ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಮುಗಿಯುವ ದಿನವನ್ನು ನೀವೇ ಲೆಕ್ಕ ಹಾಕದೆ ರಾಜ್ಯದಿಂದ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ದಾಟಿದ ಮೇಲೆ ಮತ್ತೊಮ್ಮೆ ಡಿಎಂವಿಯಲ್ಲಿ ವಿಚಾರಿಸಿ, ಇನ್ನು ಬೇಡ ಎಂದು ಅವರು ಹೇಳಿದ ನಂತರವೇ ಕಂಪನಿಗೆ ತೆಗೆಯಲು ಹೇಳಿ. ಒಂದು ವಾರ ಮುಂಚೆ ತೆಗೆಸಿದರೂ ಎಸ್‌ಆರ್-26 ಹೋಗುತ್ತದೆ. ನೀವು ಹೇಳದಿದ್ದರೆ ಕಂಪನಿ ತಾನಾಗಿ ತೆಗೆಯದೆಯೂ ಇರಬಹುದು. ತೆಗೆಸಿದ ದಿನವೇ ಬೇರೆ ಕಂಪನಿಗಳ ದರ ವಿಚಾರಿಸಿ: ಎಸ್‌ಆರ್-22 ಫೈಲ್ ಮಾಡದ ಕಂಪನಿಗಳ ಬಾಗಿಲೂ ಆಗ ತೆರೆದಿರುತ್ತದೆ.